ಹಳೆಯ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಬೇಗ ಮುಗಿಸುವುದು ಹೇಗೆ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ನನ್ನ ಬಳಿ ನಾಲ್ಕು ಕೋರ್‌, 8 ಜಿಬಿ ರ್‍ಯಾಮ್‌ ಇರುವ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಲಿನಕ್ಸ್ ಮೇಲೆ ಎಲ್‌ಎಲ್‌ವಿಎಂ ಮತ್ತು ಕ್ಲ್ಯಾಂಗ್ ಎಂಬ ಕಂಪೈಲರ್ ತಂತ್ರಾಂಶಗಳನ್ನು ಬಿಲ್ಡ್ ಮಾಡಲು (ಮೂಲ ಕೋಡಿನಿಂದ ಓಡಬಲ್ಲ ಪ್ರೋಗ್ರಾಂ ಆಗಿಸಲು) ರಾತ್ರಿ ಹಚ್ಚಿಟ್ಟು ಮಲಗಿದರೆ, ಬೆಳಿಗ್ಗೆ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ಮುಗಿದ ದಿನವೂ, ಒಂದು ಸಾಲು ತಿದ್ದಿದರೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಹೊಸ ಪ್ರೊಸೆಸರಿನ ಯಂತ್ರ ಕೊಳ್ಳುವುದೊಂದೇ ದಾರಿಯೇ?

ಮೊದಲ ಉತ್ತರ: ಪ್ರೊಸೆಸರಿನ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ನಿಂತುಹೋದ ಬಿಲ್ಡಿನ ಕೊನೆಯ ಸಾಲುಗಳಲ್ಲಿ ಲಿಂಕರ್ (ಕಂಪೈಲ್ ಆದ ತುಣುಕುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸಾಧನ) ‘ಸಿಗ್ನಲ್ 9’ರಿಂದ ಸತ್ತಿತೆಂಬ ಸಂದೇಶವಿದೆಯೇ ನೋಡಿ; ಇದ್ದರೆ, ಮೆಮೊರಿ ಸಾಲದೆ ಲಿನಕ್ಸಿನ ತಿರುಳಾದ ಕರ್ನಲ್ಲೇ ಅದನ್ನು ಕೊಂದಿರುವ ಸಾಧ್ಯತೆ ಹೆಚ್ಚು. ನನಗೂ ಹೀಗೆಯೇ ಆಗಿತ್ತು. ಕಂಪೈಲ್ ಮಾಡುವಾಗ, ಅಂದರೆ ಕೋಡನ್ನು ಯಂತ್ರಭಾಷೆಗೆ ತಿರುಗಿಸುವಾಗ, ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿದರೆ ಲಾಭವೇ. ಆದರೆ ಡಿಬಗ್ ಮಾಹಿತಿ (ದೋಷ ಹುಡುಕಲು ನೆರವಾಗುವ ವಿವರ) ತುಂಬಿಕೊಂಡ ದೊಡ್ಡ ಬೈನರಿಗಳು ನಾಲ್ಕೈದು ಏಕಕಾಲಕ್ಕೆ ಲಿಂಕ್ ಆಗತೊಡಗಿದರೆ, ಒಂದೊಂದೂ ಹಲವು ಜಿಬಿ ಬೇಡುವುದರಿಂದ, ಯಂತ್ರವು ಸ್ವಾಪ್‌ಗೆ (ರ್‍ಯಾಮ್ ಬದಲು ನಿಧಾನದ ಡಿಸ್ಕ್ ಬಳಸುವುದಕ್ಕೆ) ಇಳಿದು, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಸ್ಥಿತಿಯಾಗುತ್ತದೆ. ನಾನು ಬಿಲ್ಡ್ ನಡೆಸುವ ನಿಂಜಾ ಬಳಸಿ, ಒಂದು ಸಲಕ್ಕೆ ಒಂದೇ ಲಿಂಕ್ ನಡೆಯುವಂತೆ, ಬಿಲ್ಡನ್ನು ಸಿದ್ಧಪಡಿಸುವ ಸಿಮೇಕ್‌ನಲ್ಲಿ ಮಿತಿ ಹಾಕಿದೆ. ಡಿಬಗ್ ಬದಲು ಅಸರ್ಶನ್‌ಗಳನ್ನು (ಓಡುವಾಗ ತಪ್ಪು ಹಿಡಿಯುವ ತಪಾಸಣೆಗಳನ್ನು) ಉಳಿಸಿಕೊಂಡ ರಿಲೀಸ್ ಬಿಲ್ಡ್ ಮಾಡಿದೆ. ಎಲ್ಲ ಪ್ರೊಸೆಸರ್‌ಗಳಿಗೂ ಕೋಡ್ ಹುಟ್ಟಿಸುವ ಭಾಗಗಳು ಬೇಡವೆಂದು ಎಕ್ಸ್86 (ಇಂಟೆಲ್, ಎಎಂಡಿ ಮಾದರಿಯ ಪ್ರೊಸೆಸರ್) ಒಂದನ್ನೇ ಇಟ್ಟುಕೊಂಡೆ. ಹಳೆಯ ಲಿಂಕರಿನ ಬದಲು ಎಲ್‌ಎಲ್‌ಡಿ ಎಂಬ ಲಿಂಕರ್ ಹಾಕಿದ ಮೇಲಂತೂ, ಒಂದು ಸಾಲು ತಿದ್ದಿ ಕಾಯುವ ಹೊತ್ತು ಎದ್ದು ಕಾಣುವಷ್ಟು ಇಳಿಯಿತು. ಎಲ್‌ಎಲ್‌ಡಿಯಲ್ಲಿ ದುಡಿದ ರುಯಿ ಉಯೆಯಾಮ ಅವರೇ ಮುಂದೆ ಬರೆದ ಮೋಲ್ಡ್ ಎಂಬ ಲಿಂಕರ್ ಇನ್ನೂ ವೇಗದ್ದು. ನಿಮ್ಮ ಲಿನಕ್ಸ್ ವಿತರಣೆಯಲ್ಲಿ ಸಿಕ್ಕರೆ ಅದನ್ನೂ ಪ್ರಯತ್ನಿಸಿ.

ಎರಡನೆಯ ಉತ್ತರ: ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ರಿಲೀಸ್ ಬಿಲ್ಡಿನಲ್ಲಿ ಡಿಬಗರ್ ಹಿಡಿದು ಸಾಲುಸಾಲಾಗಿ ನಡೆಯುವುದು ಕಷ್ಟವಾದ್ದರಿಂದ, ಡಿಬಗ್ ಬೇಕೇ ಬೇಕು ಎನ್ನುವವರು ಆ ಮಾಹಿತಿಯನ್ನು ಬೇರೆ ಕಡತಗಳಲ್ಲಿಡುವ ಸ್ಪ್ಲಿಟ್ ಡ್ವಾರ್ಫ್ ಆಯ್ಕೆಯನ್ನು ಬಳಸಲಿ. ಲಿಂಕರಿನ ಹೊರೆ ಇಳಿಯುತ್ತದೆ. ಇನ್ನು ಕೋಡಿನ ಆವೃತ್ತಿಗಳನ್ನು ಕಾಯುವ ಗಿಟ್‌ನಲ್ಲಿ ಶಾಖೆ ಬದಲಿಸಿ ಹಿಂದಿರುಗಿದರೆ, ಕಡತಗಳ ಸಮಯಮುದ್ರೆ ಹೊಸದಾಗುವುದರಿಂದ, ಬದಲಾಗದ ಕೋಡನ್ನೂ ನಿಂಜಾ ಮತ್ತೆ ಕಂಪೈಲ್ ಮಾಡಿಸುತ್ತದೆ. ಅಲ್ಲಿ ಸಿಸಿಕ್ಯಾಶ್ ಎಂಬ ಸಾಧನ ನೆರವಾಗುತ್ತದೆ: ಅದು ಸಮಯವನ್ನಲ್ಲ, ಕೋಡನ್ನೂ ಕಂಪೈಲರಿನ ಆಯ್ಕೆಗಳನ್ನೂ ನೋಡಿ, ಹಿಂದಿನ ಫಲಿತಾಂಶವನ್ನೇ ತಂದುಕೊಡುತ್ತದೆ. ಅದರ ಸಂಗ್ರಹದ ಮೂಲ ಮಿತಿಯಾದ 5 ಜಿಬಿ ನನಗೆ ಸಾಲದೆ, 20ಕ್ಕೆ ಏರಿಸಿದೆ. ಲಿಂಕ್ ಹಂತಕ್ಕೆ ಮಾತ್ರ ಇದರಿಂದ ಪ್ರಯೋಜನವಿಲ್ಲ.

ಮೂರನೆಯ ಉತ್ತರ: ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಬಿಲ್ಡ್ ಹಚ್ಚಬೇಡಿ. ಗಾಳಿಕಿಂಡಿ ಮುಚ್ಚಿ ಬಿಸಿಯೇರಿದರೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ನನ್ನದರಲ್ಲಿ ಫ್ಯಾನಿನ ದೂಳು ತೆಗೆಸಿದ್ದೇ ಮೊದಲ ಸುಧಾರಣೆ.

ಪ್ರಶ್ನಿಸಿದವರು: ಸಿಗ್ನಲ್ 9ರ ಸಂದೇಶ ಇದ್ದೇ ಇತ್ತು. ಲಿಂಕನ್ನು ಒಂದಕ್ಕೆ ಮಿತಿಗೊಳಿಸಿ ಎಲ್‌ಎಲ್‌ಡಿ ಹಾಕಿದ ಮೇಲೆ ನಿನ್ನೆ ರಾತ್ರಿ ಮೊದಲ ಬಾರಿಗೆ ಬಿಲ್ಡ್ ಪೂರ್ತಿಯಾಯಿತು. ಖಾಲಿಯಿರುವ ಎರಡನೆಯ ಸ್ಲಾಟಿಗೆ 8 ಜಿಬಿ ರ್‍ಯಾಮ್ ಕೊಳ್ಳುತ್ತಿದ್ದೇನೆ. ಹೊಸ ಯಂತ್ರದ ಯೋಚನೆಯನ್ನು ಮುಂದಕ್ಕೆ ಹಾಕಿದ್ದೇನೆ.