ಮೌಸ್ ಅಲ್ಲಾಡಿಸಿದ್ರೆ ಸ್ಪೀಕರ್ ಕುಯ್‌ಗುಟ್ಟುತ್ತೆ, ರೆಕಾರ್ಡಿಂಗ್‌ನಲ್ಲಿ ಚಿಟ್ ಚಿಟ್. ಸರಿಯಾದ ಡ್ರೈವರ್ ಯಾವುದು?

ಮಂದ್ರಸ್ಥಾಯಿ
ಹೊಸ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕು, ಸ್ಪೀಕರನ್ನು ಕಂಪ್ಯೂಟರ್‌ಗೆ ಜೋಡಿಸೋ ಪೆಟ್ಟಿಗೆ). ಸ್ಪೀಕರ್‌ನಲ್ಲಿ ಸಣ್ಣಗೆ ಕುಯ್ ಅನ್ನೋ ಸದ್ದು, ಮೌಸ್ ಅಲ್ಲಾಡಿಸಿದ್ರೆ, ಪುಟ ಸ್ಕ್ರೋಲ್ ಮಾಡಿದ್ರೆ ಅದರ ಶ್ರುತಿಯೇ ಬದಲಾಗುತ್ತೆ. ರೆಕಾರ್ಡ್ ಮಾಡುವಾಗ ಚಿಟ್ ಚಿಟ್ ಬೇರೆ. ಡ್ರೈವರ್ ಅಳಿಸಿ ಮತ್ತೆ ಹಾಕಿದ್ದಾಯ್ತು, ವಿಂಡೋಸ್ ರೀಸೆಟ್ ಮಾಡಿದ್ದಾಯ್ತು. ಇನ್ನು ಮಾರೋದೊಂದೇ ಬಾಕಿ. ಯಾವ ಡ್ರೈವರ್ ಹಾಕಬೇಕು ಅಂತ ಯಾರಾದ್ರೂ ಹೇಳಿ.

ಬೆಸುಗೆಕಡ್ಡಿ
ಡ್ರೈವರ್ ಅಲ್ಲ ಗುರು, ಅರ್ಥಿಂಗ್. ನೂರಕ್ಕೆ ನೂರು ಅರ್ಥಿಂಗ್. ಮಲ್ಟಿಮೀಟರ್ ಎಸಿ 750 ವೋಲ್ಟ್‌ಗೆ ಇಟ್ಟು ಪ್ಲಗ್ ಪಾಯಿಂಟ್‌ನಲ್ಲಿ ಮೂರು ಅಳತೆ ತಗೋ. ಫೇಸ್–ನ್ಯೂಟ್ರಲ್ 230ರ ಆಸುಪಾಸು, ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟ್ ಒಳಗೆ ಬರಬೇಕು. ಕೊನೇದು 50, 70 ತೋರಿಸಿದ್ರೆ ಗೋಡೆಯೊಳಗೆ ಅರ್ಥ್ ವೈರೇ ಎಳೆದಿಲ್ಲ ಇಲ್ಲಾ ತುಂಡಾಗಿದೆ ಅಂತ ಲೆಕ್ಕ. ಹಳೇ ಮನೆಗಳಲ್ಲಿ ಮೂರನೇ ತೂತು ಬರೀ ಅಲಂಕಾರಕ್ಕೆ ಇರುತ್ತೆ. ಮೀಟರ್ ಹಿಡಿಯೋದು ಅಭ್ಯಾಸ ಇಲ್ಲ ಅಂದ್ರೆ ಎಲೆಕ್ಟ್ರಿಷಿಯನ್ ಕರೆಸು.

ಕರಾವಳಿಬೇಸ್
ಯಾವ ಕೇಬಲ್, ಯಾವ ಸ್ಪೀಕರ್, ಲ್ಯಾಪ್‌ಟಾಪಾ ಡೆಸ್ಕ್‌ಟಾಪಾ ಒಂದೂ ಹೇಳ್ಲಿಲ್ಲ. ನಾವಿಲ್ಲಿ ಕವಡೆ ಹಾಕಿ ನೋಡ್ಬೇಕಾ ಮಾರಾಯ್ರೆ? ಹೆಡ್‌ಫೋನನ್ನು ಇಂಟರ್‌ಫೇಸ್‌ಗೇ ಹಾಕಿದ್ರೆ ಕುಯ್ ಸದ್ದು ಉಂಟಾ ಇಲ್ವಾ? ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದ್ರೆ?

ಮಂದ್ರಸ್ಥಾಯಿ
ಲ್ಯಾಪ್‌ಟಾಪ್ ಸರ್, ವಿಂಡೋಸ್ 11. ಚಾರ್ಜರ್ ಯಾವಾಗಲೂ ಹಾಕಿರುತ್ತೆ, ಅದಕ್ಕೂ ಇದಕ್ಕೂ ಏನು ಸಂಬಂಧ? ಹೆಡ್‌ಫೋನ್‌ನಲ್ಲಿ ಕುಯ್ ಇಲ್ಲ, ಚಿಟ್ ಚಿಟ್ ಇದೆ. ಚಾರ್ಜರ್ ಕಿತ್ತರೆ ಸ್ಪೀಕರೂ ಶಾಂತ. ಅಂದ್ರೆ ಚಾರ್ಜರ್ ಡ್ರೈವರ್ ಅಪ್‌ಡೇಟ್ ಮಾಡಬೇಕಾ?

ಧಾರವಾಡಮಿಕ್ಸ್
ಇವು ಎರಡು ಬ್ಯಾರೆ ಬ್ಯಾರೆ ರೋಗ ಅದಾವ್ರಿ, ಒಂದ ಔಷಧ ಹುಡುಕಬ್ಯಾಡ್ರಿ. ಕುಯ್ ಅನ್ನೂದು ಕರೆಂಟಿಂದು. ಚಿಟ್ ಚಿಟ್ ಅನ್ನೂದು ಡ್ರೈವರ್ ಇಲ್ಲಾ ಬಫರಿಂದು; ಬಫರ್ ಅಂದ್ರ ಸದ್ದಿನ ಸ್ಯಾಂಪಲ್ ಒಂದಿಷ್ಟು ಕೂಡಿಡೂ ಜಾಗ.

ಮೊದಲ ಕುಯ್ ನೋಡೂಣು. ಚಾರ್ಜರ್ ಒಳಗ ವೈ ಕೆಪಾಸಿಟರ್ ಅಂತ ಕರೆಂಟಿನ ಗದ್ದಲ ಸೋಸೂ ಸಣ್ಣ ಭಾಗ ಇರತಾವ. ಅವುಗಳಿಂದ ಸೋರೂ ಕರೆಂಟ್ ಲ್ಯಾಪ್‌ಟಾಪ್ ಗ್ರೌಂಡಿಗೆ ಬಂದು, ಯುಎಸ್‌ಬಿ ಕೇಬಲ್ ಹಿಡದು ಇಂಟರ್‌ಫೇಸ್ ದಾಟಿ, ಆಡಿಯೊ ಕೇಬಲ್ಲಿನ ಶೀಲ್ಡ್ (ಹೊರಗಿನ ಲೋಹದ ಹೊದಿಕೆ) ಮ್ಯಾಲಿಂದ ಸ್ಪೀಕರಿನ ಅರ್ಥಿಗೆ ಇಳಿತೈತಿ. ಮೌಸ್ ಅಲ್ಲಾಡಿಸಿದಾಗ ಲ್ಯಾಪ್‌ಟಾಪ್ ಎಳೆಯೂ ಕರೆಂಟ್ ಏರಿಳಿತೈತಿ, ಗ್ರೌಂಡ್ ವೋಲ್ಟೇಜೂ ಅದರ ಕೂಡ ಕುಣಿತೈತಿ. ಟಿಎಸ್ ಇಲ್ಲಾ ಆರ್‌ಸಿಎ ಅನ್ನೂ ಎರಡ ತಂತಿ ಕೇಬಲ್ ಇದ್ರ ಶೀಲ್ಡ್ ಅಂದ್ರನ ಸಿಗ್ನಲಿನ ಇನ್ನೊಂದು ಕಾಲು, ಹಿಂಗಾಗಿ ಆ ಕುಣಿತ ಸೀದಾ ಸ್ಪೀಕರಿನ್ಯಾಗ ಕೇಳತೈತಿ. ಜ್ಯಾಕಿನ ಮ್ಯಾಲೆ ಕಪ್ಪು ಉಂಗುರ ಎಷ್ಟು ಅದಾವ ಎಣಸ್ರಿ. ಒಂದಿದ್ರ ಟಿಎಸ್, ಎರಡಿದ್ರ ಟಿಆರ್‌ಎಸ್. ಟಿಆರ್‌ಎಸ್‌ನ್ಯಾಗ ಸಿಗ್ನಲಿಗೆ ಎರಡು ತಂತಿ, ಶೀಲ್ಡ್ ಬ್ಯಾರೆ; ಹಿಂಗಾಗಿ ಗ್ರೌಂಡಿನ ಕುಣಿತ ಸದ್ದಿಗೆ ಸೇರೂದಿಲ್ಲ.

ಬೆಸುಗೆಕಡ್ಡಿ
ಅದನ್ನೇ ನಾನು ಹೇಳಿದ್ದು, ಅರ್ಥಿಂಗ್.

ಕರಾವಳಿಬೇಸ್
ಅಲ್ಲ, ನೀವು ಹೇಳಿದ್ದು ಗೋಡೆ ಅರ್ಥಿಂಗ್. ಅದು ಜೀವ ಉಳಿಸ್ಲಿಕ್ಕೆ ಬೇಕೇ ಬೇಕು, ಆದ್ರೆ ಅದು ಸರಿ ಇದ್ದೂ ಈ ಸದ್ದು ಬರ್ತದೆ. ತ್ರೀ ಪಿನ್ ಚಾರ್ಜರ್ ಒಂದು ಗೋಡೆಯಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯಲ್ಲಿ ಇದ್ರೆ ಅದೇ ದೊಡ್ಡ ಲೂಪ್, ಅಂದ್ರೆ ಅರ್ಥ್ ವೈರ್, ಆಡಿಯೊ ಕೇಬಲ್ ಸೇರಿ ಆಗುವ ಸುತ್ತು.

ರಾಗಿಮುದ್ದೆ_ಆಡಿಯೊ
ಇಷ್ಟೆಲ್ಲ ಯಾಕ್ರೀ. ಸ್ಪೀಕರ್ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಬಿಡಿ. ಲೂಪೂ ಇಲ್ಲ, ಸದ್ದೂ ಇಲ್ಲ.

ಧಾರವಾಡಮಿಕ್ಸ್
ಯಾರೂ ಹಂಗ ಮಾಡಬ್ಯಾಡ್ರಿ. ಲೋಹದ ಚಾಸಿ ಇರೂ ಪವರ್ಡ್ ಸ್ಪೀಕರಿನ್ಯಾಗ ಫೇಸ್ ವೈರ್ ಬಾಡಿಗೆ ತಾಕಿದ್ರ ಫ್ಯೂಸ್ ಹಾರಸೂದು ಆ ಪಿನ್ನ. ಅದು ಇಲ್ದಿದ್ರ ಪೂರ್ತಿ 230 ವೋಲ್ಟ್ ಬಾಡಿ ಮ್ಯಾಲೆ ನಿಂತಿರತೈತಿ. ಅಲ್ಲಿಂದ ಆಡಿಯೊ ಕೇಬಲ್ ಹಿಡದು ಇಂಟರ್‌ಫೇಸಿಗೆ, ಮೈಕಿಗೆ, ಹಾಡಾವ್ರ ತುಟಿಗೆ. ಲೂಪ್ ಕಡಿಯೂದಿದ್ರ ಸಿಗ್ನಲ್ ಕಡೆ ಕಡೀರಿ, ಕರೆಂಟ್ ಕಡೆ ಅಲ್ಲ.

ಮಂದ್ರಸ್ಥಾಯಿ
ಒಂದೇ ಉಂಗುರ. ಚಾರ್ಜರ್‌ಗೆ ಟೂ ಪಿನ್ ಕನ್ವರ್ಟರ್ ಹಾಕಿದೀನಿ, ತ್ರೀ ಪಿನ್ ಪಾಯಿಂಟ್ ದೂರ ಇದೆ. ಸ್ಪೀಕರ್‌ಗೆ ಟಿಆರ್‌ಎಸ್ ಇನ್‌ಪುಟ್ ಇದೆ. ಲ್ಯಾಪ್‌ಟಾಪ್ ಗ್ರೌಂಡ್ ಬೇರ್ಪಡಿಸೋ ಯುಎಸ್‌ಬಿ ಐಸೊಲೇಟರ್ ಅಂತ ಸಣ್ಣ ಬೋರ್ಡ್ ಆನ್‌ಲೈನ್‌ನಲ್ಲಿ ಕಾಣ್ತಿದೆ, ತಗೊಳ್ಳಲಾ?

ಕರಾವಳಿಬೇಸ್
ಬೇಡ. ಅಗ್ಗದ್ದರಲ್ಲಿ ಸಾಮಾನ್ಯವಾಗಿ ಎಡಿಯುಎಂ 3160 ಅಥವಾ 4160 ಚಿಪ್ ಇರ್ತದೆ. ಅದು ಫುಲ್ ಸ್ಪೀಡ್, ಅಂದ್ರೆ 12 ಮೆಗಾಬಿಟ್‌ಗೆ ಮುಗೀತು. ನಿಮ್ಮ ಇಂಟರ್‌ಫೇಸ್ 480 ಮೆಗಾಬಿಟ್‌ನ ಹೈಸ್ಪೀಡ್ ಕೇಳುವಂಥದ್ದಾದ್ರೆ ಗುರುತೇ ಹಿಡಿಯುವುದಿಲ್ಲ. ಗುರುತು ಹಿಡಿದ್ರೂ ಅದರ ಮೇಲಿರುವ 1 ವಾಟ್ ಕನ್ವರ್ಟರ್ 5 ವೋಲ್ಟ್‌ನಲ್ಲಿ ಕೊಡುವುದು 200 ಮಿಲಿಆಂಪ್. ಮೈಕಿಗೆ ಕರೆಂಟ್ ಕೊಡುವ 48 ವೋಲ್ಟ್ ಫ್ಯಾಂಟಮ್ ಒತ್ತಿದ ಕೂಡ್ಲೆ ಇಂಟರ್‌ಫೇಸ್ ಮಲಗಬಹುದು. ಎರಡು ಟಿಆರ್‌ಎಸ್–ಟಿಆರ್‌ಎಸ್ ಕೇಬಲ್ ತಗೊಳ್ಳಿ. ಚಾರ್ಜರಿನ ಟೂ ಪಿನ್ ಕನ್ವರ್ಟರ್ ಬಿಸಾಡಿ. ಚಾರ್ಜರ್, ಸ್ಪೀಕರ್ ಎರಡನ್ನೂ ಅರ್ಥ್ ಇರುವ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಸ್ಪೀಕರಿಗೆ ಬರೀ ಆರ್‌ಸಿಎ ಇದ್ದವರು ಮಾತ್ರ ಆಡಿಯೊ ಕೇಬಲ್ ನಡುವೆ ಹಾಕುವ 1:1 ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ನೋಡಿ, ಅಗ್ಗದ್ದು ತಗೊಂಡ್ರೆ ಬೇಸ್ ಸೊರಗ್ತದೆ.

ಬೆಸುಗೆಕಡ್ಡಿ
ನಾನು ಅರ್ಥಿಂಗ್ ಗುಂಡಿಗೆ ತಾಮ್ರದ ಪ್ಲೇಟ್, ಇದ್ದಿಲು, ಉಪ್ಪು ಹಾಕಿಸಿ ಸ್ಟುಡಿಯೊಗೇ ಬೇರೆ ಲೈನ್ ಎಳೆಸಿದೀನಿ. 1 ಓಮ್ ಒಳಗೆ. ನನ್ನ ಸಿಸ್ಟಮ್‌ನಲ್ಲಿ ಸೊಳ್ಳೆ ಸದ್ದೂ ಇಲ್ಲ.

ಕರಾವಳಿಬೇಸ್
ಬೇರೆ ಅರ್ಥ್ ಎಳೆಸಿದ್ದು ಬಾಕಿ ಮನೆಯ ಅರ್ಥ್‌ಗೆ ಸೇರಿಸಿದ್ದೀರಾ? ಸೇರಿಸದಿದ್ರೆ ಎರಡರ ನಡುವಿನ ವ್ಯತ್ಯಾಸವೇ ಹೊಸ ತೊಂದರೆ. ಲೂಪಿಗೆ ಮಣ್ಣಿನ ಓಮ್ ಲೆಕ್ಕಕ್ಕಿಲ್ಲ.

ಮಂದ್ರಸ್ಥಾಯಿ
ಟಿಆರ್‌ಎಸ್ ಹಾಕಿದೆ, ಒಂದೇ ಬೋರ್ಡ್. ಕುಯ್ ಪೂರ್ತಿ ಹೋಯ್ತು! ಚಿಟ್ ಚಿಟ್ ಹಾಗೇ ಇದೆ. ಬಫರ್ 64 ಸ್ಯಾಂಪಲ್, ರೇಟ್ 48 ಕಿಲೋಹರ್ಟ್ಸ್ (ಸೆಕೆಂಡಿಗೆ 48 ಸಾವಿರ ಸ್ಯಾಂಪಲ್).

ರಾಗಿಮುದ್ದೆ_ಆಡಿಯೊ
192ಕ್ಕೆ ಹಾಕಿ. 48ರಲ್ಲಿ ಯಾರ್ರೀ ರೆಕಾರ್ಡ್ ಮಾಡ್ತಾರೆ.

ಧಾರವಾಡಮಿಕ್ಸ್
192ಕ್ಕ ಏರಿಸಿದ್ರ ಅದ 64 ಸ್ಯಾಂಪಲ್ 0.33 ಮಿಲಿಸೆಕೆಂಡಿನ್ಯಾಗ ಮುಗೀತಾವ, ಚಿಟ್ ಚಿಟ್ ಹೋಗಿ ಪಟಾಕಿ ಆಕ್ಕೈತಿ. ಈಗ 48ರಾಗ 64 ಅಂದ್ರ 1.33 ಮಿಲಿಸೆಕೆಂಡ್. ಬ್ಯಾರೆ ಯಾವುದರ ಡ್ರೈವರ್ ಅದಕ್ಕಿಂತ ಹೆಚ್ಚು ಹೊತ್ತು ಪ್ರೊಸೆಸರ್ ಹಿಡಕೊಂಡು ಕುಂತ್ರ ಸದ್ದು ತುಂಡಾಕ್ಕೈತಿ. ಬಫರ್ 256 ಮಾಡ್ರಿ, 5.33 ಸಿಗತೈತಿ.

ಆಮ್ಯಾಲೆ ಯಾವ ಡ್ರೈವರ್ ತಡ ಮಾಡತೈತಿ ಅಂತ ತೋರ್ಸೂ ಲೇಟೆನ್ಸಿಮಾನ್ ಸಾಫ್ಟ್‌ವೇರ್ ಹಾಕಿ 10 ನಿಮಿಷ ಬಿಡ್ರಿ. ಡ್ರೈವರ್ಸ್ ಟ್ಯಾಬಿನ್ಯಾಗ ಹೈಯೆಸ್ಟ್ ಎಕ್ಸಿಕ್ಯೂಶನ್ ಕಾಲಂ ಮ್ಯಾಲೆ ಒತ್ತಿದ್ರ ಕಳ್ಳ ಮ್ಯಾಲೆ ಬರತಾನ. ಎನ್‌ಡಿಐಎಸ್ (ನೆಟ್‌ವರ್ಕಿಂದು) ಬಂದ್ರ ಡಿವೈಸ್ ಮ್ಯಾನೇಜರಿನ್ಯಾಗ ವೈಫೈ ಡಿಸೇಬಲ್ ಮಾಡಿ ನೋಡ್ರಿ. ಎಸಿಪಿಐ (ಪವರ್, ಬ್ಯಾಟರಿ ನೋಡಿಕೊಳ್ಳೂದು) ಬಂದ್ರ ಬ್ಯಾಟರೀಸ್ ಒಳಗ ಕಂಟ್ರೋಲ್ ಮೆಥಡ್ ಬ್ಯಾಟರಿ ಡಿಸೇಬಲ್ ಮಾಡ್ರಿ, ಬ್ಯಾಟರಿ ಪರ್ಸೆಂಟ್ ತೋರ್ಸೂದಿಲ್ಲ ಅಷ್ಟ, ಕೆಲಸ ಮುಗದ ಮ್ಯಾಲೆ ತಿರುಗಿ ಎನೇಬಲ್ ಮಾಡ್ರಿ. ಪವರ್ ಆಪ್ಶನ್ಸಿನ್ಯಾಗ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಸುಮ್ಮನಿದ್ದ ಯುಎಸ್‌ಬಿ ಸಾಧನ ಮಲಗಿಸೂದು) ಬಂದ್ ಮಾಡ್ರಿ. ಇಂಟರ್‌ಫೇಸ್ ಹಬ್ಬಿಗೆ ಹಾಕಿದ್ರ ತಗದು ಸೀದಾ ಪೋರ್ಟಿಗೆ. ವಿಂಡೋಸ್ ಸೌಂಡ್ 44.1ಕ್ಕ ಇದ್ದು ಪ್ರಾಜೆಕ್ಟ್ 48 ಇದ್ರೂ ಕೆಲವು ಡ್ರೈವರ್ ಹಿಂಗ ಚಿಟಗುಟ್ಟತಾವ, ಎರಡೂ ಒಂದ ಮಾಡ್ರಿ.

ಮಂದ್ರಸ್ಥಾಯಿ
ಎನ್‌ಡಿಐಎಸ್ 2.9 ಮಿಲಿಸೆಕೆಂಡ್. ವೈಫೈ ಡಿಸೇಬಲ್ ಮಾಡಿದ್ರೆ 0.3. ಆದ್ರೆ ಆನ್‌ಲೈನ್ ಪಾಠ ಹೇಳೋವಾಗ ವೈಫೈ ಬೇಕಲ್ಲ?

ಧಾರವಾಡಮಿಕ್ಸ್
ಲ್ಯಾನ್ ಕೇಬಲ್ ಎಳೀರಿ. ಇಲ್ಲಾ ಲ್ಯಾಪ್‌ಟಾಪ್ ಕಂಪನಿ ಸೈಟಿನ್ಯಾಗ ಹಳೇ ವೈಫೈ ಡ್ರೈವರ್ ಇದ್ರ ಹಾಕಿ ನೋಡ್ರಿ. ಪಾಠಕ್ಕ 512 ಬಫರ್ ಇಟ್ರೂ ನಡಿತೈತಿ, 10.67 ಮಿಲಿಸೆಕೆಂಡ್ ಯಾರಿಗೂ ಗೊತ್ತಾಗೂದಿಲ್ಲ.

ಸಂಜೆಮಲ್ಲಿಗೆ
ನನಗೂ ಇದೇ ಸಮಸ್ಯೆ, ಆದ್ರೆ ಬ್ಲೂಟೂತ್ ಹೆಡ್‌ಸೆಟ್. ಮೀಟಿಂಗ್‌ಗೆ ಸೇರಿದ ತಕ್ಷಣ ಹಾಡು ಹಳೇ ಟೆಲಿಫೋನ್ ಥರ ಆಗುತ್ತೆ.

ಕರಾವಳಿಬೇಸ್
ಅದು ಇದೇ ಅಲ್ಲ ಮೇಡಂ. ಹೆಡ್‌ಸೆಟ್‌ನ ಮೈಕ್ ಆನ್ ಆದ ಕೂಡ್ಲೆ ಸ್ಟೀರಿಯೊ ಬಿಟ್ಟು ಹ್ಯಾಂಡ್ಸ್‌ಫ್ರೀ ಪ್ರೊಫೈಲಿಗೆ ಇಳೀತದೆ, ಸಾಮಾನ್ಯವಾಗಿ 8 ಅಥವಾ 16 ಕಿಲೋಹರ್ಟ್ಸ್ ಮೋನೊ. ಮೀಟಿಂಗ್ ಆ್ಯಪ್‌ನಲ್ಲಿ ಮೈಕ್ ಅಂತ ಲ್ಯಾಪ್‌ಟಾಪಿನದ್ದೇ ಆರಿಸಿ. ಉಳಿದದ್ದಕ್ಕೆ ಬೇರೆ ಚರ್ಚೆ ತೆರೆಯಿರಿ.

ಬೆಸುಗೆಕಡ್ಡಿ
ಮನೆ ಅರ್ಥ್‌ಗೆ ಯಾಕೆ ಸೇರಿಸಬೇಕು, ಬೇರೆ ಲೈನ್ ಎಳೆಸಿದ್ದೇ ಬೇರೆ ಇರಲಿ ಅಂತ.

ಕರಾವಳಿಬೇಸ್
ಸಿಡಿಲಿನ ಕಾಲದಲ್ಲಿ ಎರಡು ಅರ್ಥ್ ನಡುವೆ ಸಾವಿರಾರು ವೋಲ್ಟ್ ಏಳ್ತದೆ. ಅದು ಇಳಿಯುವುದು ನಿಮ್ಮ ಲ್ಯಾನ್ ಕೇಬಲ್ಲಿನ ಮೇಲೆ. ಮಳೆಗಾಲ ಬರುವ ಮೊದಲು ಎಲೆಕ್ಟ್ರಿಷಿಯನ್ ಹತ್ರ ಎರಡನ್ನೂ ಮೇನ್ ಬೋರ್ಡಿನ ಅರ್ಥ್ ಬಾರಿಗೆ ಸೇರಿಸಿಕೊಳ್ಳಿ.