ಸ್ಟೀರಿಂಗ್ ಕ್ಲಾಕ್ ಸ್ಪ್ರಿಂಗ್ ಮನೆಯಲ್ಲೇ ಹಾಕಬಹುದಾ? ಆಟೊ ಎಲೆಕ್ಟ್ರಿಷಿಯನ್ ಉತ್ತರ

ಗೋಣಿಕೊಪ್ಪ: ಅಣ್ಣ, ಏರ್‌ಬ್ಯಾಗ್ ಲೈಟ್ ಆರುತ್ತಿಲ್ಲ. ಹಾರ್ನ್ ಇಲ್ಲ, ಸ್ಟೀರಿಂಗ್ ಮೇಲಿನ ವಾಲ್ಯೂಮ್ ಬಟನ್ನೂ ಇಲ್ಲ. ತಿರುಗಿಸಿದರೆ ಒಳಗೆ ಸರಸರ ಸದ್ದು. ಕ್ಲಾಕ್ ಸ್ಪ್ರಿಂಗ್ ತಂದಿಟ್ಟಿದ್ದೇನೆ, ನಾನೇ ಹಾಕಬಹುದಾ?

ಎಲೆಕ್ಟ್ರಿಷಿಯನ್: ಮೂರೂ ಒಟ್ಟಿಗೆ ಹೋಗಿದ್ದರೆ ಬಹುತೇಕ ಅದೇ. ಸ್ಟೀರಿಂಗ್ ತಿರುಗುವಾಗಲೂ ಏರ್‌ಬ್ಯಾಗ್, ಹಾರ್ನ್, ಬಟನ್‌ಗಳ ಸಂಪರ್ಕ ಉಳಿಸುವ ಸುರುಳಿ ರಿಬ್ಬನ್ ಅದರೊಳಗಿದೆ. ಆದರೂ ಮೊದಲು ಹಾರ್ನ್ ಫ್ಯೂಸ್ ನೋಡಿ. ಹಾಕಬಹುದು, ಆದರೆ ಅವಸರ ಬೇಡ. ಚಕ್ರ ನೇರ ಇಟ್ಟು ಕೀ ತೆಗೆಯಿರಿ. 10ರ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ನೆಗೆಟಿವ್ ಬಿಚ್ಚಿ 10 ನಿಮಿಷ ಕಾಯಿರಿ. ಏರ್‌ಬ್ಯಾಗ್ ಇಸಿಯು (ನಿಯಂತ್ರಣ ಪೆಟ್ಟಿಗೆ) ಒಳಗಿನ ಕೆಪಾಸಿಟರ್‌ನಲ್ಲಿ ಬ್ಯಾಟರಿ ಇಲ್ಲದೆಯೂ ಏರ್‌ಬ್ಯಾಗ್ ಸಿಡಿಸುವಷ್ಟು ಚಾರ್ಜ್ ಉಳಿದಿರುತ್ತದೆ. ಆಮೇಲೆ ಸ್ಟೀರಿಂಗ್ ಹಿಂದಿನ ತೂತಿನಲ್ಲಿ ಸ್ಕ್ರೂ ಅಥವಾ ಸ್ಪ್ರಿಂಗ್ ಕ್ಲಿಪ್ ಬಿಡಿಸಿ, ಏರ್‌ಬ್ಯಾಗ್ ಎತ್ತಿ. ಹಳದಿ ಕನೆಕ್ಟರ್‌ನ ಮಧ್ಯದಲ್ಲಿ ಚಿಕ್ಕ ಲಾಕ್ ಇರುತ್ತದೆ. ಅದನ್ನು ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ಮೇಲೆತ್ತಿದ ಮೇಲೆಯೇ ಕನೆಕ್ಟರ್ ಬಿಡುತ್ತದೆ, ತಂತಿ ಹಿಡಿದು ಎಳೆಯಬೇಡಿ. ಏರ್‌ಬ್ಯಾಗ್ ಮುಖ ಮೇಲೆ ಬರುವಂತೆ ಇಡಿ, ಕವುಚಿ ಇಡಬಾರದು.

ನಡುವಿನ ನಟ್ ಸಾಮಾನ್ಯವಾಗಿ 17 ಅಥವಾ 19. ಶಾಫ್ಟ್‌ಗೂ ಸ್ಟೀರಿಂಗ್‌ಗೂ ಒಂದೇ ಗೆರೆಯಲ್ಲಿ ಮಾರ್ಕರ್ ಗುರುತು ಹಾಕಿ. ನಟ್ ಪೂರ್ತಿ ಬಿಚ್ಚದೆ ಒಂದೆರಡು ಸುತ್ತು ಬಿಟ್ಟು ಸ್ಟೀರಿಂಗ್ ಅಲುಗಿಸಿ ಎಳೆಯಿರಿ, ಇಲ್ಲದಿದ್ದರೆ ಮುಖಕ್ಕೆ ಬಡಿಯುತ್ತದೆ. ಬರದಿದ್ದರೆ ಪುಲ್ಲರ್ ಬಳಸಿ, ಸುತ್ತಿಗೆಯಿಂದ ಹೊಡೆಯಬೇಡಿ. ಹೊಸದರ ಲಾಕ್ ಪಿನ್ ಅಥವಾ ಸ್ಟಿಕ್ಕರ್ ಕೂರಿಸಿದ ಮೇಲೆ ಮಾತ್ರ ತೆಗೆಯಿರಿ. ಕೊನೆಗೆ ಬ್ಯಾಟರಿ ಕೊಟ್ಟು, ಕಾರಿನ ಹೊರಗೆ ನಿಂತು, ಸ್ಟೀರಿಂಗ್ ಎದುರು ಮುಖ ತರದೆ ಕೀ ಆನ್ ಮಾಡಿ.

ವಿರಾಜಪೇಟೆ: ಬ್ಯಾಟರಿ ಬಿಚ್ಚೋದು ಯಾಕೆ? ಫ್ಯೂಸ್ ತೆಗೆದರೆ ಸಾಕು, ಎಷ್ಟೋ ಜನ ಹಾಗೇ ಮಾಡ್ತಾರೆ.

ಪೊನ್ನಂಪೇಟೆ: ಸಿಡಿಯದೆ ಉಳಿದವರು ಮಾತ್ರ ಹಾಗೆ ಹೇಳೋದು ಮಾರಾಯ.

ವಿರಾಜಪೇಟೆ: ಸುಮ್ಮನೆ ಹೆದರಿಸೋದು ಬೇಡ. ನೀವು ಒಂದಾದ್ರೂ ಬಿಚ್ಚಿದ್ದೀರಾ?

ಎಲೆಕ್ಟ್ರಿಷಿಯನ್: ಜಗಳ ಬೇಡ. ಬ್ಯಾಟರಿ ಬಿಚ್ಚಿ.

ಶನಿವಾರಸಂತೆ: ಇದರ ರೇಟ್ ಎಷ್ಟಾಗ್ತದೆ?

ಸಿದ್ದಾಪುರ: ಸರ್, ಸದ್ದು ಬರ್ತಿತ್ತು ಅಂತ ಗ್ಯಾರೇಜಿನಲ್ಲಿ ಸ್ಟೀರಿಂಗ್ ರ್‍ಯಾಕ್ ಇಳಿಸಿ ಕೂರಿಸಿದರು. ಮರುದಿನದಿಂದ ಏರ್‌ಬ್ಯಾಗ್ ಲೈಟ್ ಉಂಟು. ಹಾರ್ನ್ ಎಡಕ್ಕೆ ತಿರುಗಿಸಿದಾಗ ಮಾತ್ರ ಹೊಡೆಯುತ್ತದೆ. ಹೊಸ ಕ್ಲಾಕ್ ಸ್ಪ್ರಿಂಗ್ ಹಾಕಿದರೆ ಸರಿಯಾಗ್ತದಾ?

ಎಲೆಕ್ಟ್ರಿಷಿಯನ್: ಇದು ನನಗೆ ಚಿಂತೆ ತರುವ ಪ್ರಕರಣ. ಹೊಸದನ್ನು ನಡುವಿಗೆ ಹೊಂದಿಸದೆ ಹಾಕಿದರೆ ಅದೂ ಹರಿಯಬಹುದು. ಕಾರಣ ಕೇಳಿ. ಸ್ಟೀರಿಂಗ್ ಕಂಬವನ್ನು (ಕಾಲಮ್) ಚಕ್ರಗಳಿಗೆ ಜೋಡಿಸುವ ಭಾಗವೇ ರ್‍ಯಾಕ್. ರ್‍ಯಾಕ್ ಇಳಿಸುವಾಗ ಕಾಲಮ್‌ನ ಕೆಳಗಿನ ಜಾಯಿಂಟ್ ಬಿಚ್ಚುತ್ತಾರೆ. ಆಗ ಸ್ಟೀರಿಂಗ್ ಕಟ್ಟಿಡದೆ ಬಿಟ್ಟರೆ ಅದು ಎಷ್ಟು ಸುತ್ತು ಬೇಕಾದರೂ ತಿರುಗುತ್ತದೆ. ಮತ್ತೆ ಸೇರಿಸುವಾಗ ಚಕ್ರ ನೇರ ಇದೆ, ಸ್ಟೀರಿಂಗ್ ನೇರ ಇದೆ, ಆದರೆ ಒಳಗಿನ ರಿಬ್ಬನ್ ಒಂದು ಸುತ್ತು ಆಚೆಗೆ ಹೋಗಿರುತ್ತದೆ.

ಲೆಕ್ಕ ಹಾಕಿ. ಕ್ಲಾಕ್ ಸ್ಪ್ರಿಂಗ್ ಒಂದು ಕೊನೆಯಿಂದ ಇನ್ನೊಂದಕ್ಕೆ ಸುಮಾರು 5 ಸುತ್ತು, ಅಂದರೆ ನಡುವಿನಿಂದ ಒಂದೊಂದು ಕಡೆಗೆ ಎರಡೂವರೆ. ಕಾರಿನ ಸ್ಟೀರಿಂಗ್ (ಇನ್ನು ತಿರುಗದ ಕೊನೆಯೇ ಲಾಕ್) ಒಂದು ಲಾಕ್‌ನಿಂದ ಇನ್ನೊಂದಕ್ಕೆ ಸುಮಾರು ಮೂರೂವರೆ ಸುತ್ತು, ಅಂದರೆ ಒಂದು ಕಡೆಗೆ ಒಂದೂಮುಕ್ಕಾಲು. ಉಳಿಯುವುದು ಮುಕ್ಕಾಲು ಸುತ್ತಿನ ಅವಕಾಶ. ರಿಬ್ಬನ್ ಒಂದು ಸುತ್ತು ತಪ್ಪಿದ್ದರೆ, ಘಾಟಿಯ ಬಿಗಿ ತಿರುವಿನಲ್ಲಿ ಪೂರ್ತಿ ಲಾಕ್ ಹೊಡೆದಾಗ ಅದು ಕೊನೆ ಮುಟ್ಟಿ ಹರಿಯುತ್ತದೆ. ನಿಮ್ಮದು ಎಡಕ್ಕೆ ಮಾತ್ರ ಕೆಲಸ ಮಾಡುತ್ತಿದೆ ಅಂದರೆ ರಿಬ್ಬನ್ನಿನ ತಾಮ್ರದ ಗೆರೆ ಬಿರುಕು ಬಿಟ್ಟು, ಆ ಕಡೆ ತಿರುಗಿದಾಗ ಮಾತ್ರ ಕೂಡುತ್ತಿರಬಹುದು.

ಹಾಕುವಾಗ ಹೀಗೆ ಮಾಡಿ. ಚಕ್ರ ನೇರ ಮಾಡಿ ಸ್ಟೀರಿಂಗ್ ತೆಗೆದ ಮೇಲೆ, ಕ್ಲಾಕ್ ಸ್ಪ್ರಿಂಗ್ ಕೈಯಲ್ಲಿ ಹಿಡಿದು ಒಂದು ಕಡೆಗೆ ಮೆಲ್ಲಗೆ ತಿರುಗಿಸಿ. ತುಸು ಗಟ್ಟಿಯಾದ ಕ್ಷಣ ನಿಲ್ಲಿಸಿ, ಅಲ್ಲಿಂದ ಒತ್ತಬಾರದು. ಈಗ ಹಿಂದಕ್ಕೆ ಸುತ್ತು ಎಣಿಸುತ್ತ ಕೊನೆಯವರೆಗೆ ಹೋಗಿ, ಸಿಕ್ಕ ಎಣಿಕೆಯ ಅರ್ಧ ವಾಪಸ್ ಬನ್ನಿ. ಕೆಲವದರಲ್ಲಿ ಗುರುತು ಬಾಣವೂ ಇರುತ್ತದೆ, ಅದೂ ಹೊಂದಬೇಕು. ಹೊಸದಕ್ಕೆ ಲಾಕ್ ಪಿನ್ ಇದ್ದರೆ ಈ ಎಣಿಕೆ ಬೇಡ, ಹಾಗೇ ಕೂರಿಸಿ. ಸ್ಟೀರಿಂಗ್ ಗುರುತಿಗೆ ಸರಿಯಾಗಿ ಹೊಂದಿಸಿ ನಟ್ ಬಿಗಿ ಮಾಡಿ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಟಾರ್ಕ್ (ಬಿಗಿತದ ಅಳತೆ) ಸಾಕು, ಇಂಪ್ಯಾಕ್ಟ್ ಗನ್ ಬೇಡ.

ಹಳೆಯದನ್ನು ಪರೀಕ್ಷಿಸಬೇಕಾದರೆ ಎರಡೂ ತುದಿ ಬಿಚ್ಚಿ, ಮಲ್ಟಿಮೀಟರ್ ಹಿಡಿದು ಮೇಲಿನ ಪಿನ್‌ನಿಂದ ಕೆಳಗಿನ ಪಿನ್‌ಗೆ ನೋಡುತ್ತ ತಿರುಗಿಸಿ. ಮಧ್ಯೆ ಸಂಪರ್ಕ ಕಡಿದರೆ ಹಾಳಾಗಿದ್ದು ಖಾತ್ರಿ. ಏರ್‌ಬ್ಯಾಗ್‌ಗೆ ಮಾತ್ರ ಮೀಟರ್ ತಾಗಿಸಲೇಬೇಡಿ, ಮೀಟರಿನ ಕರೆಂಟೇ ಸಿಡಿಸಬಹುದು.

ಸೋಮವಾರಪೇಟೆ: ಗ್ರೂಪಿನಲ್ಲಿ ಬಂದ ವಿಡಿಯೊ ಉಂಟು. ಏರ್‌ಬ್ಯಾಗ್ ಕನೆಕ್ಟರ್‌ಗೆ 2 ಓಮ್ ರೆಸಿಸ್ಟರ್ ಹಾಕಿದರೆ ಲೈಟ್ ಆರ್ತದೆ, ಖರ್ಚು ಇಪ್ಪತ್ತು ರೂಪಾಯಿ. ಹಾಕಲಾ?

ಎಲೆಕ್ಟ್ರಿಷಿಯನ್: ಬೇಡ! ಇಸಿಯು ನೋಡುವುದು ಸರ್ಕ್ಯೂಟಿನ ಪ್ರತಿರೋಧ. ರೆಸಿಸ್ಟರ್ ಅದಕ್ಕೆ ಏರ್‌ಬ್ಯಾಗ್ ಇದೆ ಅಂತ ಸುಳ್ಳು ಹೇಳುತ್ತದೆ. ಗುದ್ದಿದಾಗ ಬ್ಯಾಗ್ ತೆರೆಯುವುದಿಲ್ಲ. 2019ರ ಜುಲೈಯಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಮಾಡಿದ್ದು ಲೈಟ್ ಆರಿಸಿ ಕೂರುವುದಕ್ಕಲ್ಲ. ಇಂಥ ಫಾರ್ವರ್ಡ್ ದಯವಿಟ್ಟು ಇಲ್ಲಿ ಹಾಕಬೇಡಿ.

ಸೋಮವಾರಪೇಟೆ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ ಅಣ್ಣ.

ನಾಪೋಕ್ಲು: ಗುಜರಿ ಕಾರಿನಿಂದ ತೆಗೆದದ್ದು ಹಾಕಬಹುದಾ?

ಎಲೆಕ್ಟ್ರಿಷಿಯನ್: ಏರ್‌ಬ್ಯಾಗ್ ಸಿಡಿದ ಕಾರಿನದು ಬೇಡ, ಪಾರ್ಟ್ ನಂಬರ್ ಹೊಂದಬೇಕು.

ವಿರಾಜಪೇಟೆ: ಇವರಿಗೆ ಹೊಸದೇ ಮಾರಬೇಕು, ಅದಕ್ಕೆ.

ಪೊನ್ನಂಪೇಟೆ: ಅವರು ಪಾರ್ಟ್ ಮಾರೋದೇ ಇಲ್ಲ. ಫ್ಯೂಸ್ ಪಂಡಿತರು ಸ್ವಲ್ಪ ಸುಮ್ಮನಿರಿ.

ವಿರಾಜಪೇಟೆ: ನಿಮ್ಮನ್ನು ಕೇಳಲಿಲ್ಲ.

ಸುಂಟಿಕೊಪ್ಪ: ನನ್ನ ಕಾರಿನಲ್ಲೂ ಏರ್‌ಬ್ಯಾಗ್ ಲೈಟ್. ಹಾರ್ನ್, ಬಟನ್ ಎಲ್ಲ ಸರಿ. ಕ್ಲಾಕ್ ಸ್ಪ್ರಿಂಗಾ?

ಎಲೆಕ್ಟ್ರಿಷಿಯನ್: ಬೇರೆಯೂ ಇರಬಹುದು. ಸೀಟಿನಡಿ ಹಳದಿ ಕನೆಕ್ಟರ್ ಇದ್ದರೆ ಸಡಿಲವಾಗಿದೆಯಾ ಎಂದು ಕಣ್ಣಲ್ಲಿ ನೋಡಿ, ಮುಟ್ಟುವ ಮೊದಲು ಬ್ಯಾಟರಿ ಬಿಚ್ಚಿ ಕಾಯಿರಿ. ಸ್ಕ್ಯಾನರ್ (ದೋಷದ ಕೋಡ್ ಓದುವ ಯಂತ್ರ) ಹಾಕದೆ ಪಾರ್ಟ್ ಕೊಳ್ಳಬೇಡಿ.

ಗೋಣಿಕೊಪ್ಪ: ಅಣ್ಣ, ಹಾಕಿಯಾಯಿತು. ಹಾರ್ನ್, ಬಟನ್ ಬಂತು. ಏರ್‌ಬ್ಯಾಗ್ ಲೈಟ್ ಇನ್ನೂ ಇದೆ, ಜೊತೆಗೆ ಇಎಸ್‌ಪಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಲೈಟೂ ಬಂತು.

ಎಲೆಕ್ಟ್ರಿಷಿಯನ್: ಹಳದಿ ಕನೆಕ್ಟರ್‌ನ ಲಾಕ್ ಪೂರ್ತಿ ಕೂತಿದೆಯಾ, ಬ್ಯಾಟರಿ ಬಿಚ್ಚಿ ನೋಡಿ. ಕೂತಿದ್ದರೆ ಹಳೆಯ ಕೋಡ್ ಉಳಿದಿದೆ, ಸ್ಕ್ಯಾನರ್‌ನಲ್ಲಿ ಅಳಿಸಬೇಕು. ಇಎಸ್‌ಪಿ ಇರುವ ಕಾರಿನಲ್ಲಿ ಸ್ಟೀರಿಂಗ್ ಆಂಗಲ್ ಸೆನ್ಸರ್ (ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಅಳೆಯುವುದು) ಕ್ಯಾಲಿಬ್ರೇಷನ್, ಅಂದರೆ ನೇರ ಸ್ಥಾನ ಹೊಂದಿಸುವುದು, ಅದೇ ಸ್ಕ್ಯಾನರ್‌ನಲ್ಲಿ ಆಗುತ್ತದೆ.

ಕುಶಾಲನಗರ: ಏರ್‌ಬ್ಯಾಗ್ ಲೈಟ್ ಬಂದರೆ ಏನು ಮಾಡೋದು?

ಎಲೆಕ್ಟ್ರಿಷಿಯನ್: ಮೇಲೆ ಓದಿ.

ಭಾಗಮಂಡಲ: ಎಸಿ ತಣ್ಣಗಾಗ್ತಿಲ್ಲ, ಗ್ಯಾಸ್ ಹೋಗಿದೆಯಾ?

ಸಿದ್ದಾಪುರ: ಸರ್, ಸರಿಯಾಗುವವರೆಗೆ ಮಡಿಕೇರಿಗೆ ಹೋಗಿ ಬರಬಹುದಾ?

ಎಲೆಕ್ಟ್ರಿಷಿಯನ್: ಕಾರು ಓಡುತ್ತದೆ. ಏರ್‌ಬ್ಯಾಗ್ ತೆರೆಯುತ್ತದೆ ಅಂತ ನಂಬಬೇಡಿ, ತಿರುವಿನಲ್ಲಿ ಹಾರ್ನ್ ಹೊಡೆಯುತ್ತದೆ ಅಂತಲೂ ನಂಬಬೇಡಿ. ಮಂಜಿನಲ್ಲಿ, ರಾತ್ರಿಯಲ್ಲಿ ಹೊರಡಬೇಡಿ, ಸೀಟ್ ಬೆಲ್ಟ್ ಬಿಡಬೇಡಿ. ಮೊದಲು ಆ ಗ್ಯಾರೇಜಿಗೆ ಕರೆ ಮಾಡಿ, ರ್‍ಯಾಕ್ ಇಳಿಸಿದಾಗ ಸ್ಟೀರಿಂಗ್ ಕಟ್ಟಿದ್ದರಾ ಕೇಳಿ ನನಗೆ ಹೇಳಿ.