ಕೋ-ಡಿಸೈನ್ (ಬಳಸುವ ಜನರೊಂದಿಗೇ ಸೇರಿ ರೂಪಿಸುವುದು) ನಡೆಸಿದ್ದನ್ನು ಸಂಶೋಧನಾ ಪ್ರಬಂಧದಲ್ಲಿ ಎಷ್ಟು, ಹೇಗೆ ಬರೆಯಬೇಕು?

ಪ್ರಶ್ನೆ: ಸಾಗರ_ಸಮುದಾಯಆರೋಗ್ಯ

ನಮಸ್ಕಾರ. ಮಂಗನ ಕಾಯಿಲೆ ತಡೆಯ ಕುರಿತ ನಮ್ಮ ತಂಡದ ಪ್ರಬಂಧ ಪರಿಷ್ಕರಣೆಯ ಹಂತದಲ್ಲಿದೆ. ಕಾಡಿಗೆ ಹೋಗುವ ಮೊದಲು ಉಣುಗು (ಈ ಕಾಯಿಲೆ ಹರಡುವ ಉಣ್ಣೆ) ದೂರವಿಡುವ ಡೆಪಾ ತೈಲ ಹಚ್ಚುವುದು, ಬಂದ ಮೇಲೆ ಬಿಸಿನೀರು ಸೋಪು ಹಾಕಿ ಮೈ ತೊಳೆದು ಉಣುಗು ನೋಡಿಕೊಳ್ಳುವುದು, ಸತ್ತ ಮಂಗ ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸುವುದು: ಇಷ್ಟನ್ನು ಹೇಳುವ ಚಿತ್ರಪಟ ಮತ್ತು ಮನೆಭೇಟಿಯ ಕ್ರಮ. ರೂಪಿಸಿದ್ದು ಆಶಾ ಕಾರ್ಯಕರ್ತೆಯರು, ತೋಟದ ಕೂಲಿಯವರು, ದರಗು (ಕಾಡಿನ ಒಣಎಲೆ) ತರುವವರು, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸಿಬ್ಬಂದಿ ಸೇರಿ. ಆದರೆ ವಿಧಾನದ ಭಾಗದಲ್ಲಿ ಇರುವುದು "ಸಮುದಾಯದೊಂದಿಗೆ ಕೋ-ಡಿಸೈನ್ ಮಾಡಲಾಯಿತು" ಎಂಬ ಒಂದೇ ವಾಕ್ಯ. ಇದರಿಂದ ಏನೂ ಗೊತ್ತಾಗುವುದಿಲ್ಲ ಎಂದು ವಿಮರ್ಶಕರು ಬರೆದಿದ್ದಾರೆ. ಪದಮಿತಿ 3,500. ಯಾವ ಚೆಕ್‌ಲಿಸ್ಟ್ ಹಿಡಿಯಬೇಕು? ಮೂಲ ಪಠ್ಯಕ್ಕೆ ಎಷ್ಟು, ಅನುಬಂಧಕ್ಕೆ ಎಷ್ಟು?

ಉತ್ತರ: ವಿಧಾನ_ವಿಚಾರ

ವಿಮರ್ಶಕರ ಆಕ್ಷೇಪ ಸರಿಯಾಗಿದೆ. ಆ ವಾಕ್ಯ ಓದಿ ಬೇರೆ ತಾಲ್ಲೂಕಿನವರು ಇದೇ ಕೆಲಸ ಮಾಡಲು ಹೊರಟರೆ ಎಲ್ಲಿಂದ ಶುರುಮಾಡಬೇಕು ಅನ್ನುವುದೇ ತಿಳಿಯುವುದಿಲ್ಲ.

ಎರಡು ಚೆಕ್‌ಲಿಸ್ಟ್ ಬೇಕು, ಎರಡರ ಕೆಲಸವೂ ಬೇರೆ. ಜನರನ್ನು ಹೇಗೆ ಒಳಗೊಂಡಿರಿ ಎಂಬುದಕ್ಕೆ 2017ರ ಗ್ರಿಪ್-2 (GRIPP2). ಅದರ ದೀರ್ಘ ರೂಪದಲ್ಲಿ 34 ಅಂಶಗಳಿವೆ, ಕಿರು ರೂಪದಲ್ಲಿ 5: ಉದ್ದೇಶ, ವಿಧಾನ, ಫಲಿತಾಂಶ, ಚರ್ಚೆ, ವಿಮರ್ಶಾತ್ಮಕ ಅವಲೋಕನ. ನಿಮ್ಮ ಪದಮಿತಿಗೆ ಕಿರು ರೂಪ ಸಾಕು. ಕೊನೆಗೆ ತಯಾರಾದ ಚಿತ್ರಪಟ, ಮನೆಭೇಟಿ ಎಂಥವು ಎಂಬುದಕ್ಕೆ 2014ರ ಟಿಡಿಯರ್ (TIDieR), 12 ಅಂಶ. ಏನು, ಯಾರು, ಎಲ್ಲಿ, ಎಷ್ಟು ಸಲ ಎಂಬುದೆಲ್ಲ ಅದರಲ್ಲಿ ಬರುತ್ತದೆ.

ಆದರೆ ಗ್ರಿಪ್-2 ಬರೆದಿರುವುದು ಸಾರ್ವಜನಿಕರ ಪಾಲ್ಗೊಳ್ಳುವಿಕೆಗೆ, ಒಟ್ಟಾರೆಯಾಗಿ. ಕೋ-ಡಿಸೈನಿನ ಜೀವಾಳ ಬೇರೆ ಕಡೆ ಇದೆ. ಯಾರೋ ಆಡಿದ ಮಾತು ಚಿತ್ರಪಟದ ಯಾವ ಮೂಲೆಯಲ್ಲಿ, ಯಾವ ರೂಪದಲ್ಲಿ ಬಂದು ಕೂತಿತು? ಅದನ್ನು ತೋರಿಸಲು ಒಂದು ನಿರ್ಧಾರ ಕೋಷ್ಟಕ ಮಾಡಿ, ಒಂದು ಸಾಲಿಗೆ ಒಂದೇ ಬದಲಾವಣೆ. ಕಾಲಂಗಳು: ಯಾವ ಭಾಗ, ಮೊದಲು ಹೇಗಿತ್ತು, ಯಾವ ಗುಂಪಿನವರು ಏನೆಂದರು, ಏನಾಯಿತು, ಕಾರಣ, ಕೊನೆಯ ತೀರ್ಮಾನ ಯಾರದ್ದು.

ಉದಾಹರಣೆಗೆ, ಕರಡಿನಲ್ಲಿ "ಕಾಡಿಗೆ ಹೋಗಬೇಡಿ" ಎಂದಿತ್ತು ಅಂದುಕೊಳ್ಳಿ. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು, ದರಗು ತರುವ ಕಾಡು) ಕೆಲಸ ಬಿಟ್ಟರೆ ತೋಟಕ್ಕೂ ಕೊಟ್ಟಿಗೆಗೂ ಗತಿಯಿಲ್ಲ ಎಂದು ದರಗು ತರುವವರು ಹೇಳಿದರು. ಆ ಸಾಲು ತೆಗೆದು "ಹೋಗುವ ಮೊದಲು, ಬಂದ ಮೇಲೆ" ಎಂಬ ಎರಡು ಚಿತ್ರ ಬಂತು. ಇದು ಒಂದು ಸಾಲು. ಒಪ್ಪದೆ ಬಿಟ್ಟ ಸಲಹೆಗೂ ಸಾಲು ಇರಲೇಬೇಕು. ಲಸಿಕೆ ಹಾಕುವ ದಿನ ನಮೂದಿಸಿ ಎಂದು ಯಾರಾದರೂ ಕೇಳಿದ್ದರೆ, ಹಳೆಯ ಲಸಿಕೆ ಈಗ ಬಳಕೆಯಲ್ಲಿಲ್ಲದ ಕಾರಣ ಅದು ತಂಡದ ಕೈಯಲ್ಲಿರಲಿಲ್ಲ ಎಂದು ಬರೆಯಿರಿ. "ಒಪ್ಪಲಿಲ್ಲ" ಎಂಬುದನ್ನೂ "ನಮ್ಮ ಕೈಲಿರಲಿಲ್ಲ" ಎಂಬುದನ್ನೂ ಬೆರೆಸಬೇಡಿ. ಎಲ್ಲ ಸಲಹೆಯೂ ಸ್ವೀಕೃತ ಎಂದು ತೋರಿಸುವ ಕೋಷ್ಟಕವನ್ನು ಯಾವ ವಿಮರ್ಶಕರೂ ನಂಬುವುದಿಲ್ಲ, ನಂಬಲೂ ಬಾರದು.

ಉತ್ತರ: ತೀರ್ಥಹಳ್ಳಿ_ಕ್ಷೇತ್ರಕಾರ್ಯ

ಮೇಲಿನದಕ್ಕೆ ಸೇರಿಸುವುದು: ಸಭೆಯ ದಿನ ಮತ್ತು ಹೊತ್ತು. ಇದನ್ನು ಬರೆಯುವವರೇ ಕಡಿಮೆ, ಮಲೆನಾಡಿನಲ್ಲಿ ಇದೇ ಮುಖ್ಯ. ಮಂಗನ ಕಾಯಿಲೆಯ ಕಾಲ ಸುಮಾರು ನವೆಂಬರ್-ಡಿಸೆಂಬರಿನಿಂದ ಮೇ-ಜೂನ್‌ವರೆಗೆ. ಅದರ ಮೊದಲ ತಿಂಗಳುಗಳಲ್ಲೇ ಅಡಕೆಯ ಕೊನೆಕೊಯ್ಲು (ಗೊನೆ ಇಳಿಸುವುದು), ಸುಲಿತ. ಬೆಳಿಗ್ಗೆ 11ಕ್ಕೆ ಪಂಚಾಯತಿ ಸಭಾಂಗಣಕ್ಕೆ ಕರೆದರೆ ಬರುವವರು ತೋಟದ ಯಜಮಾನರು. ಉಣುಗು ಕಚ್ಚಿಸಿಕೊಳ್ಳುವವರು ಆ ಹೊತ್ತಿಗೆ ಕೆಲಸದಲ್ಲಿರುತ್ತಾರೆ. ಹಾಗಾಗಿ ಪ್ರತಿ ಸಭೆಗೂ ಸ್ಥಳ, ಹೊತ್ತು, ಅವಧಿ, ಕರೆದದ್ದು ಯಾರು, ಯಾವ ಗುಂಪಿನಿಂದ ಎಷ್ಟು ಜನ ಕರೆದು ಎಷ್ಟು ಜನ ಬಂದರು, ಬಿಟ್ಟುಹೋದವರು ಯಾಕೆ, ಇಷ್ಟನ್ನು ಅನುಬಂಧದಲ್ಲಿ ಕೊಡಿ. "ಒಟ್ಟು ಭಾಗವಹಿಸಿದವರು ಇಷ್ಟು" ಎಂದು ಕೂಡಿಸಿಬಿಟ್ಟರೆ ಒಬ್ಬರೇ ಎಲ್ಲ ಸಭೆಗೂ ಬಂದರೋ, ಪ್ರತಿ ಸಲ ಹೊಸಬರೋ ತಿಳಿಯದು. ಕಳೆದುಕೊಂಡ ದಿನಗೂಲಿ, ಬಸ್ಸಿನ ಖರ್ಚು ಕೊಟ್ಟಿದ್ದರೆ ಮೊತ್ತ ಹಾಕಿ. ಕೊಟ್ಟಿಲ್ಲವಾದರೆ ಅದನ್ನೂ ಹಾಕಿ.

ಇನ್ನೊಂದು. ಡಾಕ್ಟರು, ಆಶಾ, ಕೂಲಿಯವರು ಒಂದೇ ಕೋಣೆಯಲ್ಲಿ ಕೂತಿದ್ದರೆ ಮಾತು ಯಾರದ್ದಾಗಿತ್ತು? ಗುಂಪುಗಳನ್ನು ಬೇರೆ ಬೇರೆ ಕೂರಿಸಿ ಆಮೇಲೆ ಸೇರಿಸಿದ್ದರೆ ಆ ಕ್ರಮವನ್ನೂ ಬರೆಯಿರಿ.

ಉತ್ತರ: ಪದ_ನಿಖರತೆ

ಚೆಕ್‌ಲಿಸ್ಟಿಗೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಸಮಸ್ಯೆ ಗುರುತಿಸುವುದು, ಪರಿಹಾರ ಯೋಚಿಸುವುದು, ಮಾದರಿ ಮಾಡುವುದು, ಪರೀಕ್ಷಿಸುವುದು, ಈ ನಾಲ್ಕರಲ್ಲಿ ಜನ ಎಲ್ಲೆಲ್ಲಿದ್ದರು? ತಯಾರಾದ ಚಿತ್ರಪಟ ತೋರಿಸಿ ಅಭಿಪ್ರಾಯ ಕೇಳಿದ್ದಷ್ಟೇ ಆದರೆ ಅದು ಸಮಾಲೋಚನೆ. ಜನರ ಪಾಲ್ಗೊಳ್ಳುವಿಕೆಯ ಮಟ್ಟ ಅಳೆಯುವ 1969ರ ಆರ್ನ್‌ಸ್ಟೀನ್ ಏಣಿಯ ಎಂಟು ಮೆಟ್ಟಿಲಲ್ಲಿ ಸಮಾಲೋಚನೆ ನಾಲ್ಕನೆಯದು, ಪಾಲುದಾರಿಕೆ ಆರನೆಯದು. ಸಮಾಲೋಚನೆಯೂ ಒಳ್ಳೆಯ ಕೆಲಸವೇ, ಅದರ ಹೆಸರಿನಲ್ಲೇ ಕರೆಯಿರಿ. ಹಂತಕ್ಕೊಂದು ಮಟ್ಟ ಇದ್ದರೆ ಹಂತವಾರು ಹೇಳಿ.

ಸಾಗರ_ಸಮುದಾಯಆರೋಗ್ಯ

ಎಲ್ಲರಿಗೂ ಧನ್ಯವಾದ. ಸಮಸ್ಯೆ ಗುರುತಿಸಿದ್ದು ನಾವೇ, ಉಳಿದ ಮೂರರಲ್ಲಿ ಅವರಿದ್ದರು, ಹಾಗೇ ಬರೆಯುತ್ತೇವೆ. ಆಶಾ ಕಾರ್ಯಕರ್ತೆಯರನ್ನು ಸಹಲೇಖಕರಾಗಿ ಸೇರಿಸಬಹುದೇ? ಕೆಲವು ಸಭೆಗಳ ನಡಾವಳಿ ಅರೆಬರೆ ಇದೆ, ಅದಕ್ಕೇನು ಮಾಡುವುದು?

ಉತ್ತರ: ವಿಧಾನ_ವಿಚಾರ

ಐಸಿಎಂಜೆಇಯ (ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ನಾಲ್ಕೂ ಷರತ್ತು ಪೂರೈಸಿದರೆ ಸೇರಿಸಲೇಬೇಕು: ಗಣನೀಯ ಕೊಡುಗೆ, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಹೊಣೆಗಾರಿಕೆ. ಇಂಗ್ಲಿಷ್ ಪ್ರತಿ ಓದಲು ಕಷ್ಟವಾದರೆ ಕನ್ನಡದಲ್ಲಿ ಕೂತು ಓದಿ ಹೇಳಿ ತಿದ್ದುಪಡಿ ಬರೆದುಕೊಳ್ಳಿ. ಅವಕಾಶವನ್ನೇ ಕೊಡದೆ ಷರತ್ತು ಪೂರೈಸಲಿಲ್ಲ ಎನ್ನುವುದು ಅನ್ಯಾಯ. ಉಳಿದವರಿಗೆ ಕೃತಜ್ಞತೆಯ ಭಾಗದಲ್ಲಿ ಹೆಸರು, ಅವರ ಒಪ್ಪಿಗೆ ಪಡೆದು. ಆದರೆ ಕೋಷ್ಟಕದಲ್ಲಿ ಊರು ಮತ್ತು ಹುದ್ದೆ ಎರಡನ್ನೂ ಒಟ್ಟಿಗೆ ಹಾಕಬೇಡಿ. ಚದುರಿದ ಹತ್ತಾರು ಮನೆಗಳ ಊರಿನಲ್ಲಿ "ಇಂಥ ಗ್ರಾಮದ ಆಶಾ" ಎಂದರೆ ಒಬ್ಬರೇ. ಪಿಎಚ್‌ಸಿಯ ಬಗ್ಗೆ ಅವರು ದೂರಿದ್ದರೆ ಮಾತು ನೇರ ಅವರ ತಲೆಗೇ ಬರುತ್ತದೆ.

ನಡಾವಳಿ ಇಲ್ಲದ ಕಡೆ ನೆನಪಿನಿಂದ ತುಂಬಬೇಡಿ. "ದಾಖಲೆ ಲಭ್ಯವಿಲ್ಲ" ಎಂದು ಆ ಸಾಲಿನಲ್ಲೇ ಬರೆಯಿರಿ. ಕರಡಿನ ಹಳೆಯ ಪ್ರತಿಗಳು, ಚಾರ್ಟಿನ ಫೋಟೋಗಳು ಉಳಿದಿದ್ದರೆ ಅವುಗಳಿಂದ ಕಂಡ ಬದಲಾವಣೆಯನ್ನು ಮಾತ್ರ ಸೇರಿಸಿ, ಹಾಗೆ ಸೇರಿಸಿದ್ದೆಂದು ಗುರುತು ಹಾಕಿ. ಪದಗಳ ಹಂಚಿಕೆ: ವಿಧಾನದಲ್ಲಿ 300, ಫಲಿತಾಂಶದಲ್ಲಿ ಮುಖ್ಯವಾದ ನಾಲ್ಕೈದು ನಿರ್ಧಾರಗಳಿಗೆ 250, ಮಿತಿಗಳಿಗೆ 100. ಪೂರ್ಣ ಕೋಷ್ಟಕ, ಸಭೆಗಳ ವಿವರ, ತುಂಬಿದ ಎರಡೂ ಚೆಕ್‌ಲಿಸ್ಟ್ ಅನುಬಂಧಕ್ಕೆ. ಚೆಕ್‌ಲಿಸ್ಟಿನಲ್ಲಿ ಪುಟಸಂಖ್ಯೆ ಹಾಕಿದ ಮೇಲೆ ಆ ಪುಟ ತೆರೆದು ಮಾಹಿತಿ ನಿಜಕ್ಕೂ ಅಲ್ಲಿದೆಯೇ ನೋಡಿ. ಪರಿಷ್ಕರಣೆಯಲ್ಲಿ ಪುಟಗಳು ಜಾರಿರುತ್ತವೆ.